ಎಂಟನೆಯ ಬಡಿತ

ನಾನು ಹುಟ್ಟಿದ ಊರಿನಲ್ಲಿ ಸತ್ತವರು ಹೋಗುತ್ತಿದ್ದರು, ಅವರ ಶಬ್ದ ಉಳಿಯುತ್ತಿತ್ತು.

ಎಲ್ಲ ಶಬ್ದವೂ ಅಲ್ಲ. ಬದುಕಿದ್ದಾಗ ಯಾವುದನ್ನು ಹೆಚ್ಚು ಮಾಡಿದ್ದರೋ ಅದೊಂದು ಮಾತ್ರ. ಮುದುಕನ ಕೆಮ್ಮು, ಮಜ್ಜಿಗೆ ಕಡೆಯುವವಳ ಕಡೆಗೋಲು, ಬಾಗಿಲ ಬಳಿ ಚಪ್ಪಲಿಯ ಮಣ್ಣು ಕೊಡವುವ ಸದ್ದು. ಬರುತ್ತಿದ್ದ ಹೊತ್ತಿಗೇ ಅದು ಬರುತ್ತಿತ್ತು, ಬರುತ್ತಿದ್ದ ಮೂಲೆಯಿಂದಲೇ ಬರುತ್ತಿತ್ತು. ಮೊದಲ ದಿನಗಳಲ್ಲಿ ಮನೆಯವರಿಗೆ ಅದೇ ಸಮಾಧಾನ. ಕೆಮ್ಮು ಕೇಳಿದರೆ ಸೊಸೆ ಅಭ್ಯಾಸದಿಂದ ಬಿಸಿನೀರು ತಂದಿಡುತ್ತಿದ್ದಳು. ನೀರು ಆರುತ್ತಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ತಿಂಗಳು ತುಂಬುವುದರೊಳಗೆ ಆ ಮನೆಯವರು ಅನ್ನದ ಮುಂದೆ ಕೂತು, ಉಣ್ಣದೆ, ಎದ್ದು ಹೋಗುತ್ತಿದ್ದರು.

ಅದಕ್ಕೇ ನಮ್ಮ ಊರು ಒಬ್ಬ ಹಾಡು ಕಟ್ಟುವವನನ್ನು ಇಟ್ಟುಕೊಂಡಿತ್ತು. ಅವನು ಸಾವಿನ ಮನೆಗೆ ಹೋಗಿ ಮೂರು ದಿನ, ಬೆಳಗಿನಿಂದ ದೀಪ ಹಚ್ಚುವವರೆಗೆ, ಗೋಡೆಗೆ ಮುಖ ಮಾಡಿ ಮಣೆಯ ಮೇಲೆ ಕೂತು ಕೇಳುತ್ತಿದ್ದ. ಆಮೇಲೆ ಆ ಶಬ್ದವನ್ನು ಒಳಗಿಟ್ಟು ಒಂದು ಹಾಡು ಕಟ್ಟುತ್ತಿದ್ದ. ಕಟ್ಟಿದ್ದನ್ನು ಅವನು ಹಾಡುವಂತಿಲ್ಲ. ಹಾಡುವವಳ ಕಿವಿಯಲ್ಲಿ ಹೇಳಿ ಮರೆತುಬಿಡಬೇಕು. ಹನ್ನೊಂದನೆಯ ದಿನ ಹಾಡುವವಳು ಆ ಮನೆಯ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತು ಹಾಡುತ್ತಿದ್ದಳು. ಹಾಡು ಮುಗಿಯುವಾಗ ಶಬ್ದ ಹೊಸ್ತಿಲು ದಾಟಿ, ಬೀದಿ ದಾಟಿ, ಊರ ಗಡಿಕಲ್ಲು ದಾಟಿ ಹೋಗುತ್ತಿತ್ತು. ಒಂದು ಹಾಡಿಗೆ ಒಂದೇ ಗಂಟಲು, ಆ ಗಂಟಲಿಗೂ ಒಂದೇ ಸಲ. ಎರಡನೆಯ ಸಲ ಹಾಡಿದರೆ ಹೋದದ್ದು ತಿರುಗಿ ಬರುತ್ತದೆ.

ನಾನು ಹೇಳುವ ಕಾಲದಲ್ಲಿ ಹಾಡು ಕಟ್ಟುತ್ತಿದ್ದವರು ನನ್ನ ಗಂಡ. ಹಾಡುತ್ತಿದ್ದವಳು ನಾನು.

ಕಿವಿ ನೆಟ್ಟಗಿದ್ದಾಗ ಅವರು ಕಟ್ಟಿದ ಹಾಡುಗಳೆಲ್ಲ ತುಂಬಿದ ಹಾಡುಗಳು. ಉಸಿರು ತೆಗೆದುಕೊಳ್ಳಲೂ ನನಗೆ ಜಾಗ ಬಿಡುತ್ತಿರಲಿಲ್ಲ. ಬರಿಯ ಕೆಮ್ಮಿಗೂ ಅಂಚು ಸೆರಗು ಹಾಕಿ ಪೀತಾಂಬರ ಮಾಡಿಬಿಡುತ್ತಿದ್ದರು. ಕೇಳಿದವರು ಚೆನ್ನಾಗಿ ಅಳುತ್ತಿದ್ದರು. ಎಲೆ ಹಾಕುವ ಹೊತ್ತಿಗೆ ಅಳು ಮುಗಿದಿರುತ್ತಿತ್ತು. ಊರಿಗೆ ಅವರೆಂದರೆ ಇಷ್ಟ.

ನಮಗೆ ಒಬ್ಬಳೇ ಮಗಳು, ಐದು ವರ್ಷದವಳು. ಮಧ್ಯಾಹ್ನ ಅನ್ನ ಬೇಯುವಾಗ ಅವಳು ಹಿತ್ತಾಳೆಯ ಕೊಳಗವನ್ನು ಬೋರಲು ಹಾಕಿ, ಮುಂದೆ ಕೂತು, ಮರದ ಸೌಟಿನಿಂದ ಬಡಿಯುತ್ತಿದ್ದಳು. ನಮ್ಮ ಮನೆಯಲ್ಲಿ ಬೆಳಗಿನಿಂದ ಬೈಗಿನವರೆಗೆ ಎಂಟೆಣಿಕೆಯ ತಾಳ. ತೊಟ್ಟಿಲಲ್ಲೇ ಅದನ್ನು ಕೇಳಿ ಬೆಳೆದವಳು. ಆದರೆ ಅವಳು ಏಳೇ ಬಡಿಯುತ್ತಿದ್ದಳು. ಎಂಟನೆಯದು ಬೀಳಬೇಕಾದಲ್ಲಿ ಸೌಟನ್ನು ಮೇಲೆತ್ತಿ ಹಿಡಿದು, ಅಪ್ಪನ ಮುಖ ನೋಡಿ, ನಗುತ್ತಿದ್ದಳು. ಅಪ್ಪ ಮಣೆಯ ಮೇಲೆ ಅಂಗೈ ಬಡಿದು ಎಂಟನೆಯದನ್ನು ಮುಗಿಸಬೇಕು. ಅದು ಅವರಿಬ್ಬರ ಆಟ. ನಾನು ಒಲೆಯ ಮುಂದಿನಿಂದಲೇ "ಬಂದೆ, ಬಂದೆ" ಎನ್ನುತ್ತಿದ್ದೆ.

ಆ ವರ್ಷ ಊರಿಗೆ ಜ್ವರ ಬಂತು. ನಮ್ಮ ಮನೆಗೂ ಬಂದು ಮಗಳನ್ನು ಕರೆದುಕೊಂಡು ಹೋಯಿತು. ಜೊತೆಗೇ ಮಲಗಿಸಿದ್ದ ನನ್ನ ಗಂಡನನ್ನು ಬಿಟ್ಟಿತು, ಬಿಡುವಾಗ ಕಿವಿಗಳನ್ನು ತುಳಿದು ಹೋಯಿತು. ಹನ್ನೊಂದನೆಯ ದಿನ ಬಂದಾಗ ಅವರಿಗೆ ಹಾಸಿಗೆಯಲ್ಲಿ ಎದ್ದು ಕೂರುವುದೂ ಆಗುತ್ತಿರಲಿಲ್ಲ. ಮಗಳ ಹಾಡು ಆಗಲಿಲ್ಲ.

ಶಬ್ದ ಬಂತು. ಮಧ್ಯಾಹ್ನ, ಅನ್ನ ಕುದಿಯುವ ಹೊತ್ತಿಗೆ, ಗೂಡಿನಲ್ಲಿಟ್ಟ ಕೊಳಗದಿಂದ ಏಳು ಬಡಿತ. ಎಂಟನೆಯದರ ಜಾಗದಲ್ಲಿ ನಗು ಇರಲಿಲ್ಲ. ಆ ಜಾಗ ಮಾತ್ರ ಇತ್ತು. ಮತ್ತೆ ಏಳು, ಮತ್ತೆ ಆ ಜಾಗ. ನಾನು ಬೆಂದ ಅನ್ನವನ್ನು ಎಲೆಗೆ ಹಾಕಿ ಕೊಳಗದ ಮುಂದೆ ಇಡುವವರೆಗೂ ನಿಲ್ಲುತ್ತಿರಲಿಲ್ಲ. ಇಟ್ಟ ಅನ್ನ ಒಣಗಿ ಅಕ್ಕಿಯಾಗುತ್ತಿತ್ತು.

ಮೇಲೆದ್ದ ಮೇಲೂ ಅವರು ಹಾಡು ಕಟ್ಟಲಿಲ್ಲ. ಬರುವ ಅಮಾವಾಸ್ಯೆಗೆ ಎಂದರು, ಅದರ ಮುಂದಿನದಕ್ಕೆ ಎಂದರು. ಕಿವಿ ದಿನದಿನಕ್ಕೆ ಇಳಿಯುತ್ತಿತ್ತು. ಮೊದಲು ಹಕ್ಕಿಗಳು ಹೋದವು. ಆಮೇಲೆ ನನ್ನ ಬಳೆ ಹೋಯಿತು. ಹಿತ್ತಾಳೆಯ ಸದ್ದು ದೂರವಾಗುತ್ತಿದ್ದಂತೆ ಅವರು ಹತ್ತಿರವಾಗುತ್ತಿದ್ದರು. ಮೊದಲು ಜಗಲಿಯಲ್ಲಿ ಕೂತು ಕೇಳುತ್ತಿದ್ದವರು ಪಡಸಾಲೆಗೆ ಬಂದರು, ಪಡಸಾಲೆಯಿಂದ ಅಡುಗೆಮನೆಯ ಬಾಗಿಲಿಗೆ ಬಂದರು. ಕೊನೆಗೆ ಕೊಳಗಕ್ಕೆ ಕಿವಿಯಿಟ್ಟು ಕೂತರು. ಒಂದು ಮಧ್ಯಾಹ್ನ ಕಿವಿ ತೆಗೆದು ನನ್ನನ್ನು ಕೇಳಿದರು, "ಬಂತಾ?"

ಕೊಳಗ ಅವರ ಕೆನ್ನೆಯ ಕೆಳಗೇ ಬಡಿಯುತ್ತಿತ್ತು. ನಾನು ಬಂತು ಎಂದು ತಲೆಯಾಡಿಸಿದೆ. ಅವರು ಕೊಳಗದ ಮೇಲೆ ಎರಡೂ ಅಂಗೈ ಇಟ್ಟರು. ಸತ್ತವರ ಶಬ್ದಕ್ಕೆ ನಡುಕವಿರುವುದಿಲ್ಲ. ಅವರಿಗೆ ಏನೂ ಸಿಗಲಿಲ್ಲ.

ಆಗ ನಾನು ಅವರ ಬೆನ್ನ ಹಿಂದೆ ಕೂತು, ಎರಡು ಬೆರಳಿನಿಂದ ಅವರ ಬಲಭುಜದ ಮೇಲೆ ಬಡಿದೆ. ಕೇಳಿದ ಹಾಗೆ, ಕೇಳಿದಷ್ಟೇ. ಏಳು. ಆ ಜಾಗ. ಏಳು. ಅವರ ಕತ್ತು ನೆಟ್ಟಗಾಯಿತು. ಅವತ್ತಿನಿಂದ ದಿನವೂ ಮಧ್ಯಾಹ್ನ ಅವರು ಮಣೆಯ ಮೇಲೆ ಕೂರುವುದು, ನಾನು ಹಿಂದೆ ಕೂತು ಭುಜದ ಮೇಲೆ ಮಗಳನ್ನು ಬಡಿಯುವುದು.

ಮಾತಿಗೆ ನಾವು ಅಂಗೈ ಮಾಡಿಕೊಂಡೆವು. ಅವರು ಬಾಯಲ್ಲಿ ಹೇಳುತ್ತಿದ್ದರು, ನಾನು ಅವರ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದೆ. ಒಮ್ಮೆ ಬರೆದೆ, ಅವಳನ್ನು ಕಳಿಸೋಣ ರೀ.

"ನಿನಗಾದರೂ ಕೇಳುತ್ತದಲ್ಲ, ಇರಲಿ ಬಿಡು," ಎಂದರು.

ನನಗೆ ಕೇಳುತ್ತಿತ್ತು, ಕಷ್ಟ ಇದ್ದದ್ದೇ ಅಲ್ಲಿ. ಅವರ ಭುಜಕ್ಕೆ ತಲುಪುತ್ತಿದ್ದದ್ದು ತಾಳ. ನನ್ನ ಕಿವಿಗೆ ಬರುತ್ತಿದ್ದದ್ದು ಹಸಿವು. ಆ ಮಗು ಅನ್ನ ಕೇಳುತ್ತ ಕೂತಿದೆ, ತಾಯಿ ಬಂದೆ ಬಂದೆ ಎನ್ನುತ್ತಾಳೆ, ಬರುವುದಿಲ್ಲ. ದಿನವೂ ಹೀಗೆ. ಅಂಗೈ ಮೇಲೆ ಇಷ್ಟನ್ನೆಲ್ಲ ಬರೆಯುವುದು ಹೇಗೆ?

ಊರ ಹಿರಿಯನೂ ಬಂದ. ನಮ್ಮ ಬೀದಿಯ ಮಕ್ಕಳು ಮಧ್ಯಾಹ್ನವಾದರೆ ಪಾತ್ರೆ ಬೋರಲು ಹಾಕಿ ಏಳು ಬಡಿಯಲು ಶುರುಮಾಡಿದ್ದಾರೆ, ತಾಯಂದಿರು ಹೆದರಿದ್ದಾರೆ ಎಂದ. ಕಳಿಸದೆ ಇಟ್ಟುಕೊಂಡ ಶಬ್ದ ಜೊತೆ ಹುಡುಕುತ್ತದೆಂದು ನಮ್ಮ ಊರಿನ ಭಯ. ಸುಗ್ಗಿಯವರೆಗೆ ಗಡುವು ಕೊಟ್ಟ. ಅಷ್ಟರಲ್ಲಿ ಆಗದಿದ್ದರೆ ಹೊರಗಿನಿಂದ ಒಬ್ಬ ಕಟ್ಟುವವನನ್ನು ಕರೆಸಿ, ನಮ್ಮ ಮನೆಯ ಗೋಡೆಗೆ ಮುಖ ಮಾಡಿ ಕೂರಿಸುತ್ತೇನೆ ಎಂದ. ನಾನು ಅದನ್ನು ಬರೆದು ತೋರಿಸಿದೆ. ಅವರು ಅಂಗೈ ಮುಚ್ಚಿಕೊಂಡರು.

ಅಷ್ಟರಲ್ಲಿ ಕೆಳಬೀದಿಯ ಅಜ್ಜಿಯೊಬ್ಬಳು ತೀರಿಕೊಂಡಳು. ಹಲ್ಲಿಲ್ಲದವಳು, ಕಬ್ಬಿಣದ ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟಿಯೇ ಬಾಯಿಗೆ ಹಾಕಬೇಕಾಗಿತ್ತು. ಉಳಿದದ್ದು ಆ ಕುಟ್ಟಾಣಿಯ ಸದ್ದು. ಕಿವಿ ಹೋದವರು ಹೇಗೆ ಕಟ್ಟುತ್ತಾರೆಂದು ಊರು ನೋಡುತ್ತಿತ್ತು. ನಾನೂ ಜೊತೆಗೆ ಹೋದೆ. ಅವರು ಗೋಡೆಗೆ ಮುಖ ಮಾಡಿ ಕೂತರು, ನಾನು ಅವರ ಬೆನ್ನಿಗೆ ಮುಖ ಮಾಡಿ ಕೂತೆ. ಮೂರು ದಿನ ಕುಟ್ಟಾಣಿಯನ್ನು ಭುಜದ ಮೇಲೆ ಬಡಿದೆ. ಅಜ್ಜಿಯ ಸೊಸೆ ಕಂಬಕ್ಕೆ ಒರಗಿ ನೋಡುತ್ತಿದ್ದಳು.

"ಬದುಕಿದ್ದಾಗ ನನ್ನ ಮಾತು ಕೇಳಬಾರದು ಅಂತ ಕುಟ್ಟೋರು," ಎಂದಳು. "ಈಗ ಯಾರ ಮಾತು ಕೇಳಬಾರದು ಅಂತ ಕುಟ್ಟುತ್ತಾರೋ ಕೇಳಿ ಅಕ್ಕ."

ಮನೆಗೆ ಬಂದು ಅವರು ತಂಬೂರಿಯನ್ನು ಮಡಿಲಲ್ಲಿ ಅಡ್ಡ ಹಾಕಿಕೊಂಡು, ದಂಡಿಯನ್ನು ಹಲ್ಲಿನಿಂದ ಕಚ್ಚಿ, ತಂತಿ ಮೀಟಿದರು. ಮೂಳೆಯಲ್ಲಿ ಏನು ಕೇಳಿತೋ ಅದರಿಂದ ಕಟ್ಟಿದರು. ಕಿವಿಯಲ್ಲಿ ಹೇಳಿಕೊಟ್ಟಾಗ ನಾನು ಬೆಚ್ಚಿದೆ. ಅಂಚಿಲ್ಲ, ಸೆರಗಿಲ್ಲ. ಮೂರೋ ನಾಲ್ಕೋ ಸ್ವರ, ಕುಟ್ಟಾಣಿ ಎದ್ದು ಬೀಳುವ ಹಾಗೆ. ನಡುವೆ ಒಂದು ಕಡೆ ತಟ್ಟನೆ ಏನೂ ಇಲ್ಲ. ಒಂದು ಎಣಿಕೆ, ಬಾಯಿ ತೆರೆದು ಸುಮ್ಮನೆ ನಿಲ್ಲಬೇಕು. ಅದಕ್ಕೆ ಮುಂಚೆ ಒಂದು ಪೆಟ್ಟು, ಅದು ಕುಟ್ಟಾಣಿಯದಾಗಿರಲಿಲ್ಲ.

ಹನ್ನೊಂದನೆಯ ದಿನ ಹೊಸ್ತಿಲ ಮೇಲೆ ಹಾಡಿದೆ. ಆ ಖಾಲಿ ಬಂದಾಗ ಬೀದಿಯೇ ಉಸಿರು ಹಿಡಿಯಿತು. ಹಾಡು ಮುಗಿಯುವಾಗ ಕುಟ್ಟಾಣಿ ನನ್ನ ಪಕ್ಕದಲ್ಲಿ ಹೊಸ್ತಿಲು ದಾಟಿತು. ಅದರ ಹಿಂದೆಯೇ ಇನ್ನೇನೋ ಚಿಕ್ಕದು, ನನ್ನ ಮೊಣಕಾಲಿನಷ್ಟು ಎತ್ತರದ್ದು, ಸೀರೆಯ ನೆರಿಗೆಗೆ ತಾಗಿ ದಾಟಿತು.

ಅಂದು ಯಾರೂ ಅಳಲಿಲ್ಲ, ಊಟಕ್ಕೂ ಏಳಲಿಲ್ಲ. ಸೊಸೆ ಮಾತ್ರ ಕೂತಲ್ಲೇ ಹೇಳಿದಳು, "ಕುಟ್ಟೋದು ನಿಂತಾಗ ಅವರು ನನ್ನ ಕಡೆ ನೋಡೋರು. ಏನಾದರೂ ಹೇಳ್ತಾಳಾ ಅಂತ. ನಾನೇ ಮುಖ ತಿರುಗಿಸ್ತಿದ್ದೆ."

ಮರುದಿನ ಮಧ್ಯಾಹ್ನ ನಮ್ಮ ಮನೆಯಲ್ಲಿ ಕೊಳಗ ಆರು ಬಡಿಯಿತು.

ಮೊದಲು ನಾನೇ ಎಣಿಕೆ ತಪ್ಪಿದೆ ಅಂದುಕೊಂಡೆ. ಮತ್ತೆ ಆರು. ಬೆರಳು ಆಗಲೇ ಅಭ್ಯಾಸದಿಂದ ಏಳು ಬಡಿದಾಗಿತ್ತು. ಅವರು ಕಣ್ಣು ಮುಚ್ಚಿ, "ಇವತ್ತು ಎಷ್ಟು ಖಚಿತವಾಗಿ ಬಡಿದಳು ನೋಡು," ಎಂದರು. ಹೇಳಬೇಕೆಂದು ಅವರ ಅಂಗೈ ಎತ್ತಿಕೊಂಡೆ. ಒಂದು ಅಕ್ಷರವೂ ಬರಲಿಲ್ಲ. ಅವರು ಕಟ್ಟಿದ ಹಾಡಿನ ಆ ಪೆಟ್ಟು ಯಾರದ್ದೆಂದು ನನಗೆ ಗೊತ್ತಾಗಿತ್ತು. ಅವರಿಗೆ ಗೊತ್ತಿರಲಿಲ್ಲ. ಮೂಳೆಯೊಳಗೆ ಉಳಿದದ್ದು ಅದೊಂದೇ ಆದ್ದರಿಂದ ಅದು ಹೊರಗೆ ಬಂದಿತ್ತು. ಹೊಸ್ತಿಲ ಮೇಲೆ ನಿಂತು ನಾನು ಅದನ್ನು ಕಳಿಸಿದ್ದೆ.

ನಿಜ ಹೇಳಿಬಿಡುತ್ತೇನೆ. ಆರು ಬಡಿತ ಏಳಕ್ಕಿಂತ ಕಡಿಮೆ ಹಸಿದಿತ್ತು.

ಗಾಣದವನು ಸತ್ತ. ಅವನ ಗಾಣದ ಕಿರ್ರ್ ಸದ್ದಿಗೆ ಕಟ್ಟಿದ ಹಾಡಿನಲ್ಲೂ ಆ ಪೆಟ್ಟು, ಆ ಖಾಲಿ. ಮರುದಿನ ಐದು. ಮಗ್ಗದವನ ಲಾಳಿ ಹೋಯಿತು, ನಾಲ್ಕಾಯಿತು. ಮಗ್ಗದವನ ತಮ್ಮ ನಮ್ಮವರ ಎದುರಿಗೇ ನಗೆಯಾಡಿದ, ಇವರ ಹಾಡು ಒಂದು ತೋಳು ಹೊಲಿಯದ ಅಂಗಿಯ ಹಾಗೆ ಎಂದು. ಇವರು ಅವನ ತುಟಿ ನೋಡಿ, ಹೊಗಳುತ್ತಿದ್ದಾನೆಂದು ಕೈ ಮುಗಿದರು. ಅದೇ ಮನುಷ್ಯ ಒಂದು ವಾರದ ಮೇಲೆ ನಮ್ಮ ಜಗಲಿಗೆ ಬಂದು ಕೂತು ಹೋದ. ಅಣ್ಣನ ಜೊತೆ ಹತ್ತು ವರ್ಷ ಮಾತು ಬಿಟ್ಟಿದ್ದನಂತೆ. ಇಂಥವರು ಆಗ ಬರುತ್ತಲೇ ಇದ್ದರು. ತುಂಬಿದ ಹಾಡುಗಳ ಕಾಲದಲ್ಲಿ ನಮ್ಮ ಜಗಲಿಗೆ ಯಾರೂ ಬಂದು ಕೂತಿರಲಿಲ್ಲ.

ಸೂಲಗಿತ್ತಿಯ ಹಂಡೆ, ಕುಂಬಾರನ ತಟ್ಟುಹಲಗೆ. ಮೂರು, ಎರಡು ಎಂದು ಎಣಿಸುತ್ತ ಹೋದ ಹಾಗೆ ನನ್ನ ಎದೆ ಹಗುರಾಗುತ್ತಿತ್ತು, ಬೆರಳು ಭಾರವಾಗುತ್ತಿತ್ತು. ಭುಜದ ಮೇಲೆ ನಾನು ಏಳನ್ನು ಬಿಡಲಿಲ್ಲ.

ಕುಂಬಾರನ ಹಿಂದೆಯೇ ಅವನ ತಾಯಿ ಹೋದಳು. ಅವಳ ಹಾಡಿನ ನಂತರ ಕೊಳಗದಲ್ಲಿ ಒಂದೇ ಬಡಿತ ಉಳಿಯಿತು. ಮಧ್ಯಾಹ್ನ ಒಂದು ಸಲ, ಮೆಲ್ಲಗೆ, ಜೊತೆಯವರೆಲ್ಲ ಎಲ್ಲಿ ಹೋದರೆಂದು ಕೇಳಿದ ಹಾಗೆ. ಊರಿನಲ್ಲಿ ಆಮೇಲೆ ಯಾರೂ ಸಾಯಲಿಲ್ಲ. ಒಂದು ಕಾಲ ಕಳೆಯಿತು. ಏಳು ಬಡಿತ ತಡೆದುಕೊಂಡಿದ್ದೆ, ಆ ಒಂದನ್ನು ತಡೆಯಲಾಗಲಿಲ್ಲ. ಯಾರಾದರೂ ಸಾಯಲಿ ಎಂದು ನಾನು ಕಾದೆ. ಬಾವಿಯ ಹತ್ತಿರ ಹೆಂಗಸರು ಯಾರದೋ ಮೈ ಸರಿಯಿಲ್ಲ ಎಂದರೆ ಕಿವಿಗೊಟ್ಟೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಸುಗ್ಗಿಗೆ ಇಪ್ಪತ್ತು ದಿನವಿದ್ದಾಗ ಹಿರಿಯನ ಹೆಂಡತಿ ಸತ್ತಳು. ಸೊಂಟದ ಬೀಗದಕೈ ಗೊಂಚಲಿನ ಸದ್ದು ಅವಳದು. ಅವರು ಕಟ್ಟಿದರು, ನಾನು ಹಾಡಿದೆ. ಬೀಗದಕೈಗಳ ಹಿಂದೆ ಆ ಚಿಕ್ಕದು ನನ್ನ ನೆರಿಗೆಗೆ ತಾಗಿ, ಒಂದು ಗಳಿಗೆ ನಿಂತು, ದಾಟಿ ಹೋಯಿತು.

ಹಿರಿಯ ಮಾರನೆಯ ವಾರ ನಮ್ಮ ಮನೆಗೆ ಬಂದ. ನಮ್ಮವರು ಎಲೆಯಡಿಕೆಯ ತಟ್ಟೆಯನ್ನು ಅವನ ಕಡೆ ಸರಿಸಿ ನಗುತ್ತ ಕೂತಿದ್ದರು. ಹಿರಿಯ ನನ್ನ ಕಡೆ ತಿರುಗಿ, "ಮಧ್ಯಾಹ್ನ ಬೇಕಂತಲೇ ನಿಮ್ಮ ಬೀದಿಯಲ್ಲಿ ಬಂದೆ ತಂಗಿ. ಏನೂ ಇಲ್ಲ. ಯಾರಿಗೂ ಹೇಳದೆ ಕಳಿಸಿಬಿಟ್ಟಿರಲ್ಲ, ಒಳ್ಳೆಯದು ಮಾಡಿದಿರಿ," ಎಂದ.

ಅವನು ಹೋದ ಮೇಲೆ ನಮ್ಮವರು ಅಂಗೈ ಚಾಚಿದರು. "ಏನೆಂದ?"

ಹಾಡು ಚೆನ್ನಾಗಿತ್ತಂತೆ, ಎಂದು ಬರೆದೆ.

ಗಡುವಿನ ಮಾತು ಮತ್ತೆ ಬರಲಿಲ್ಲ. ಹೆಂಡತಿ ಹೋದ ಮೇಲೆ ಹಿರಿಯ ಮೆತ್ತಗಾದ ಎಂದು ಅವರು ತಿಳಿದುಕೊಂಡರು. ಮಧ್ಯಾಹ್ನವಾದರೆ ಮಣೆಯ ಮೇಲೆ ಕೂರುತ್ತಿದ್ದರು. ಹಿಂದೆ ನಾನು. ಗೂಡಿನಲ್ಲಿ ಕೊಳಗ, ಕೊಳಗದಲ್ಲಿ ಏನೂ ಇಲ್ಲ. ಏನೂ ಇಲ್ಲದ ಮನೆಯಲ್ಲಿ ನಾನು ಅವರ ಭುಜದ ಮೇಲೆ ಏಳು ಬಡಿಯುತ್ತಿದ್ದೆ, ಆ ಜಾಗ ಬಿಡುತ್ತಿದ್ದೆ, ಏಳು ಬಡಿಯುತ್ತಿದ್ದೆ. ಹೀಗೆ ಎರಡು ವರ್ಷ. ಸತ್ತವರು ಬಿಟ್ಟುಹೋದ ಶಬ್ದಕ್ಕಿಂತ ಬದುಕಿರುವವರು ಮಾಡುವ ಶಬ್ದ ಮನೆಯನ್ನು ಹೆಚ್ಚು ಹೆದರಿಸುತ್ತದೆಂದು ಆಗ ನನಗೆ ತಿಳಿಯಿತು.

ಎರಡನೆಯ ವರ್ಷದ ಕೊನೆಗೆ ಒಂದು ದಿನ, ಬೆಳಗಿನಿಂದ ಹೊಸ ಹಾಡೊಂದನ್ನು ತೊಡೆ ತಟ್ಟಿಕೊಂಡು ಗಟ್ಟಿ ಮಾಡುತ್ತಿದ್ದೆ. ಮಧ್ಯಾಹ್ನ ಅದೇ ಕೈಯಲ್ಲಿ ಅವರ ಹಿಂದೆ ಕೂತೆ. ಏಳು ಬಡಿದೆ. ನಾನು ಏಳು ವರ್ಷದವಳಿದ್ದಾಗಿನಿಂದ ತಾಳ ಹಾಕಿದ ಕೈ ಅದು. ನಾನು ನೋಡುತ್ತಿರುವಾಗಲೇ ಎಂಟನೆಯದೂ ಬಿತ್ತು.

ಅವರು ತಿರುಗಿ ನೋಡಲಿಲ್ಲ. ಆಮೇಲೆ, "ಅವಳು ಎಂಟು ಬಡಿಯುವುದಿಲ್ಲ," ಎಂದರು.

ನನ್ನ ಬೆರಳು ಅವರ ಭುಜದ ಮೇಲೇ ಉಳಿದಿತ್ತು.

"ಯಾವಾಗ ಹೋದಳು?"

ಅಂಗೈ ಹಿಂದಕ್ಕೆ ಚಾಚಿದರು. ಬರೆದೆ. ಹಿರಿಯನ ಹೆಂಡತಿಯ ಜೊತೆ.

"ಯಾರು ಹಾಡಿದ್ದು?"

ನಾನು.

"ಕಟ್ಟಿದ್ದು ಯಾರು?"

ಅವರ ಬೆರಳನ್ನು ಹಿಡಿದು ಅವರ ಎದೆಯ ಮೇಲೇ ಇಟ್ಟೆ. ಅವರು ತಾವು ಕಟ್ಟಿದ ಹಾಡುಗಳಲ್ಲಿ ಒಂದೊಂದನ್ನೇ ಹುಡುಕುತ್ತಿದ್ದುದು ಬೆನ್ನಿನಿಂದಲೇ ಕಾಣುತ್ತಿತ್ತು. ಕಟ್ಟಿದವರು ಮರೆಯಬೇಕೆಂಬುದು ನಿಯಮ. ಹಾಡು ಮರೆತಿದ್ದರು, ಆ ಖಾಲಿಯನ್ನು ಮರೆತಿರಲಿಲ್ಲ.

"ಏಳೂ ನಿನ್ನ ಗಂಟಲಲ್ಲಿವೆ," ಎಂದರು. "ಇನ್ನೊಂದು ಸಲ ಹಾಡು. ಬರುತ್ತಾಳೆ."

ಕುಟ್ಟಾಣಿ ಅಜ್ಜಿಯೂ ಬರುತ್ತಾಳೆ, ಎಂದು ಬರೆದೆ. ಗಾಣದವನು ಬರುತ್ತಾನೆ. ಏಳು ಮನೆಯವರು ಮತ್ತೆ ಅನ್ನ ಬಿಟ್ಟು ಏಳುತ್ತಾರೆ.

"ಬರಲಿ. ಏಳಲಿ. ನನಗೇನು?"

ಅಂಥ ಮಾತನ್ನು ಅವರ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಗಂಟಲಲ್ಲಿ ಮೊದಲನೆಯ ಹಾಡು ಎದ್ದು ನಿಂತಿತ್ತು, ಅದೂ ಸುಳ್ಳಲ್ಲ. ಅವರ ಅಂಗೈಯನ್ನು ಗಟ್ಟಿಯಾಗಿ ಹಿಡಿದು, ಎರಡು ವರ್ಷದಿಂದ ಬರೆಯದೆ ಬಿಟ್ಟದ್ದನ್ನು ಒಂದೊಂದೇ ಅಕ್ಷರವಾಗಿ ಬರೆದೆ. ಅವಳಿಗೆ ಮತ್ತೆ ಹಸಿವಾಗುತ್ತದೆ ರೀ.

ಅವರು ಕೈ ಎಳೆದುಕೊಂಡರು. ಅಂಗೈಯನ್ನು ನೋಡಿದರು, ಬರೆದದ್ದು ಅಲ್ಲಿ ಕಾಣುವ ಹಾಗೆ. ಹೊರಗೆ ಬಿಸಿಲು ಒಂದು ಗೋಡೆಯಷ್ಟು ಸರಿಯಿತು. ಕೊನೆಗೆ, "ಊಟ ಹಾಕು," ಎಂದರು.

ಮಗಳು ಹೋದ ಮೇಲೆ ಮಧ್ಯಾಹ್ನದ ಅನ್ನವನ್ನು ಅವರು ಬಿಸಿಯಾಗಿ ಉಂಡದ್ದು ಅವತ್ತೇ.

ಮರುದಿನ ಮಧ್ಯಾಹ್ನವೂ ಮಣೆಯ ಮೇಲೆ ಕೂತರು. ನಾನು ಹಿಂದೆ ಹೋಗಲಿಲ್ಲ. ಅವರ ತುಟಿ ಮಾತ್ರ ಎಣಿಸುತ್ತಿತ್ತು. ಏಳರವರೆಗೆ ಎಣಿಸಿ ಮಣೆಯ ಮೇಲೆ ಅಂಗೈಯಿಂದ ಒಂದು ಪೆಟ್ಟು ಹಾಕಿದರು. ಎಂಟನೆಯದು. ಅಷ್ಟೇ, ಎದ್ದರು. ಸಾಯುವವರೆಗೂ ಒಂದು ದಿನ ತಪ್ಪಿಸಲಿಲ್ಲ. ಹಾಡು ಕಟ್ಟುವುದನ್ನೂ ನಿಲ್ಲಿಸಲಿಲ್ಲ. ಕಡೆಗಾಲದ ಹಾಡುಗಳಲ್ಲಿ ಖಾಲಿಯೇ ಹೆಚ್ಚು, ಸ್ವರ ಅದರ ದಂಡೆಯಷ್ಟು. ಅವುಗಳನ್ನು ಹಾಡುವಾಗ ನಾನು ಹಾಡುತ್ತಿಲ್ಲ, ಯಾರಿಗೋ ಬಾಗಿಲು ತೆರೆದು ಹಿಡಿದು ನಿಂತಿದ್ದೇನೆ ಅನ್ನಿಸುತ್ತಿತ್ತು.

ಅವರು ಹೋದಾಗ ನಾನು ಮುದುಕಿಯಾಗಿದ್ದೆ. ಉಳಿದದ್ದು ಆ ಒಂದು ಪೆಟ್ಟು. ಮಧ್ಯಾಹ್ನ, ಮಣೆಯ ಮೇಲೆ, ಒಂದೇ ಸಲ.

ಹೊಸದಾಗಿ ಬಂದ ಕಟ್ಟುವವನು ನಮ್ಮ ಗೋಡೆಗೆ ಮುಖ ಮಾಡಿ ಮೂರು ದಿನ ಕೂತ. ಒಳ್ಳೆಯ ಕಿವಿ. "ಇಷ್ಟು ಚಿಕ್ಕ ಶಬ್ದ ನಾನು ಎಲ್ಲೂ ಕೇಳಿಲ್ಲ ಅಮ್ಮ," ಎಂದ. "ಅದಕ್ಕೆ ಮುಂಚೆ ಏನೋ ಇರಬೇಕು ಅನ್ನಿಸುತ್ತೆ. ಸಿಗೋದಿಲ್ಲ." ವಯಸ್ಸಾದ ಮೇಲೆ ಹಾಗೇ ಎಂದೆ. ಅವನು ಅಂಚು ಸೆರಗು ಹಾಕಿ ತುಂಬಿದ ಹಾಡು ಕಟ್ಟಿದ. ನನ್ನ ಕಿವಿಯಲ್ಲಿ ಹೇಳಿ, ನಿಯಮದಂತೆ ಮರೆತ.

ಹನ್ನೊಂದನೆಯ ದಿನ ಊರು ಸೇರಿತು. ನಾನು ನಮ್ಮದೇ ಹೊಸ್ತಿಲ ಮೇಲೆ ಬೀದಿಗೆ ಮುಖ ಮಾಡಿ ನಿಂತೆ. ಬಾಯಿ ತೆರೆದೆ. ಆಗಲೇ ಒಳಗೆ ಅಂಗೈ ಮಣೆಯ ಮೇಲೆ ಬಿತ್ತು. ಏಳು ಬಡಿತಕ್ಕೆ ಕಾದು, ಬಾರದಿದ್ದರೂ ಮುಗಿಸಿದ ಎಂಟನೆಯದು. ಹಸಿದ ಮಗುವನ್ನು ಕಳಿಸಿದವಳು ನಾನು. ಇದನ್ನು ಕಳಿಸಲಾಗಲಿಲ್ಲ.

ಬಾಯಿ ಮುಚ್ಚಿ ಹೊಸ್ತಿಲಿಂದ ಇಳಿದೆ. ಜನ ದಾರಿ ಬಿಟ್ಟರು. ಬೀದಿಯ ಕೊನೆಗೆ ಬರುವಾಗ ಕೋಲೂರಿ ನಿಂತಿದ್ದ ಹಿರಿಯ ಹಿಂದಿನಿಂದ ಕರೆದ, "ತಂಗಿ, ಹಾಡು ಇನ್ನೂ ಆಗಿಲ್ಲ."

"ಆಗಿಲ್ಲ ಅಣ್ಣ," ಎಂದೆ. ನಿಲ್ಲಲಿಲ್ಲ. ಗಡಿಕಲ್ಲು ದಾಟಿದೆ. ಆ ಹಾಡು ಬೇರೆ ಯಾರ ಗಂಟಲಲ್ಲೂ ಇಲ್ಲ.

ಈಗಿರುವ ಊರು ಬಹಳ ದೂರ. ಇಲ್ಲಿ ಸತ್ತವರು ತಮ್ಮದೆಲ್ಲವನ್ನೂ ಕಟ್ಟಿಕೊಂಡು ಹೋಗುತ್ತಾರೆ, ಮನೆಗಳು ಮೂರೇ ದಿನಕ್ಕೆ ತಣ್ಣಗಾಗುತ್ತವೆ. ಹಾಡುವವಳಾಗಿದ್ದೆನೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನನಗೆ ಅನ್ನ ಹಾಕುವ ಮನೆಯ ಹೆಂಗಸು ಒಳ್ಳೆಯವಳು, ಒಂದೇ ಒಂದು ವಿಷಯಕ್ಕೆ ಗದರುತ್ತಾಳೆ. "ಉಣ್ಣೋ ಮುಂಚೆ ತಟ್ಟೆ ಬಡಿಯಬಾರದು ಅಜ್ಜಿ. ಮನೆಗೆ ಒಳ್ಳೇದಲ್ಲ."

"ಏಳೇ ಸಲ ತಾಯಿ," ಎನ್ನುತ್ತೇನೆ.

ಮಧ್ಯಾಹ್ನ ತಟ್ಟೆಯ ಅಂಚಿನ ಮೇಲೆ ಎರಡು ಬೆರಳಿನಿಂದ ಏಳು ಬಡಿದು ಕೈ ಮೇಲೆತ್ತಿ ಹಿಡಿಯುತ್ತೇನೆ. ಎಂಟನೆಯದು ಅಲ್ಲಿ, ನಮ್ಮ ಮನೆಯ ಮಣೆಯ ಮೇಲೆ ಬೀಳುತ್ತದೆ. ಆಮೇಲೆ ಉಣ್ಣುತ್ತೇನೆ.